ನಮ್ಮತ್ತೆ ಮತ್ತೆ ಜಡೆ ಹಿಡಿದ ವರ್ಷ

ಮೊನ್ನೆ ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ರಸ್ತೆಯ ಎರಡೂ ಬದಿಗೆ ಮಾವಿನ ತೋಪುಗಳು ಹೂ ಬಿಟ್ಟು ನಿಂತಿದ್ದವು. ಸಂಜೆ ಬಿಸಿಲಿಗೆ ಆ ಹೂವಿನ ವಾಸನೆ ಬಸ್ಸಿನೊಳಕ್ಕೆ ನುಗ್ಗಿತು. ಪಕ್ಕದ ಹೆಂಗಸು ತಲೆನೋವು ಬರುತ್ತದೆ ಎಂದು ಕಿಟಕಿ ಎಳೆದರು. ನಾನು ಮತ್ತೆ ತೆಗೆದೆ. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಲಿಲ್ಲ. ವರ್ಷಗಟ್ಟಲೆ ಹೈಸ್ಕೂಲು ಮಕ್ಕಳನ್ನು ಬಿಸಿಲಲ್ಲಿ ಓಡಿಸಿದ ಪೀಟಿ ಮೇಡಂಗೆ ಅಷ್ಟು ಹಟವಾದರೂ ಇರಬೇಡವೇ? ಆ ವಾಸನೆಯನ್ನು ನಾನು ಯಾರಿಗೂ ಬಿಟ್ಟುಕೊಡುವವಳಲ್ಲ. ಮಾವು ಹೂ ಬಿಟ್ಟಾಗ ಶುರುವಾಗಿ ಕಾಯಿ ದಪ್ಪವಾಗುವಷ್ಟರಲ್ಲಿ ಮುಗಿದುಹೋದ ಒಂದು ಕಾಲ ಅದರಲ್ಲಿದೆ. ನಮ್ಮತ್ತೆ ನಾರೆಮ್ಮನವರು ಎಪ್ಪತ್ತು ದಾಟಿದ ಮೇಲೆ ನಡಿಗೆಯನ್ನು ಮತ್ತೆ ಕಲಿತ ಕಾಲ ಅದು. ನಾನು ಕಲಿಸಿದ ಮಕ್ಕಳು ಆಟೋಟದಲ್ಲಿ ಗೆದ್ದು ತಂದ ಕಪ್ಪುಗಳೆಲ್ಲ ಶಾಲೆಯ ಬೀರುವಿನಲ್ಲಿವೆ. ಈ ಗೆಲುವೊಂದು ಮಾತ್ರ ನಮ್ಮ ಮನೆಯದು.

ನಾನು ಮಾಲೂರು ತಾಲ್ಲೂಕಿನ ಮಾಸ್ತಿ ಕಡೆಯವಳು. ಮುಳಬಾಗಿಲು ತಾಲ್ಲೂಕಿನ, ಆಂಧ್ರದ ಗಡಿಗೆ ಹತ್ತಿರದ ಬೈರಕೂರಿಗೆ ಸೊಸೆಯಾಗಿ ಬಂದಾಗ ಈ ಮನೆಯಲ್ಲಿ ಕನ್ನಡಕ್ಕೂ ತೆಲುಗಿಗೂ ನಡುವೆ ಗೋಡೆಯೇ ಇರಲಿಲ್ಲ. ಅತ್ತೆ ಕನ್ನಡದಲ್ಲಿ ಕರೆದು ತೆಲುಗಿನಲ್ಲಿ ಬೈಯುತ್ತಿದ್ದರು. ನನ್ನನ್ನು ‘ಮೇಡಮ್ಮ’ ಎನ್ನುತ್ತಿದ್ದರು. ಅದರಲ್ಲಿ ಮರ್ಯಾದೆ ಎಷ್ಟು, ಕೀಟಲೆ ಎಷ್ಟು ಎಂದು ಇವತ್ತಿಗೂ ಬಿಡಿಸಿ ಹೇಳಲಾರೆ. ಊರಿನಲ್ಲಿ ಅವರಿಗೆ ಒಂದು ಹೆಸರಿತ್ತು. ಶ್ರೀರಾಮನವಮಿಯ ಸಂಜೆ ಭಜನೆ ಮನೆಯ ಮುಂದೆ ಹೆಂಗಸರು ಜಡೆ ಕೋಲಾಟ ಆಡುತ್ತಾರೆ. ಚಪ್ಪರದ ನಡುತೊಲೆಯಿಂದ ಎಂಟು ಬಣ್ಣದ ಹಗ್ಗ ಇಳಿಬಿಟ್ಟಿರುತ್ತಾರೆ. ಎಂಟು ಜನ ಎಡಗೈಯಲ್ಲಿ ಒಂದೊಂದು ಹಗ್ಗ, ಬಲಗೈಯಲ್ಲಿ ಒಂದೊಂದು ಕೋಲು ಹಿಡಿದು ನಾಲ್ವರು ಒಂದು ದಿಕ್ಕಿಗೆ, ನಾಲ್ವರು ಎದುರು ದಿಕ್ಕಿಗೆ ಸುತ್ತುತ್ತಾರೆ. ಎದುರಾದವರ ಕೋಲಿಗೆ ಕೋಲು ತಾಗಿಸಿ ಒಬ್ಬರ ಒಳಗಿನಿಂದ, ಇನ್ನೊಬ್ಬರ ಹೊರಗಿನಿಂದ ದಾಟುತ್ತ ಹೋದಂತೆ ಮೇಲೆ ಹಗ್ಗಗಳು ಜಡೆಯಾಗಿ ಹೆಣೆದುಕೊಂಡು ಇಳಿಯುತ್ತವೆ. ಆಮೇಲೆ ಎಲ್ಲರೂ ಹಿಂದುಮುಂದಾಗಿ ತಿರುಗಿ, ಬಂದ ದಾರಿಯಲ್ಲೇ ದಾಟಿ ಹೋಗಿ ಅದನ್ನು ಬಿಚ್ಚಬೇಕು. ಹಾಡುತ್ತ, ಸುತ್ತುತ್ತ, ಮುಂದಿನದು ಒಳಗೋ ಹೊರಗೋ ಎಂದು ನೆನಪಿಡುತ್ತ ನಡೆಯಬೇಕಾದ ಆಟ. ಒಬ್ಬರು ತಪ್ಪಿದರೆ ಎಂಟು ಹಗ್ಗಕ್ಕೂ ಗಂಟು ಬೀಳುತ್ತದೆ. ನಾನು ಮದುವೆಯಾಗಿ ಬಂದ ವರ್ಷದಿಂದ ಜಡೆಯ ಮುಂದಾಳು ನಮ್ಮತ್ತೆಯೇ.

ಎಪ್ಪತ್ತು ದಾಟಿದ ಮೇಲಿನ ಒಂದು ದೀಪಾವಳಿ ಹೊತ್ತಿಗೆ ಅವರು ಮೊದಲ ಸಲ ಬಿದ್ದರು. ದನಕ್ಕೆ ಕಲಗಚ್ಚು ಒಯ್ಯುತ್ತಿದ್ದಾಗ ಬೀದಿಯಿಂದ ಯಾರೋ ಊಟ ಆಯ್ತಾ ಎಂದು ಕೇಳಿದ್ದರು, ಅಷ್ಟೇ. ಮುಂಗೈ ಮೂಳೆ ಮುರಿಯಿತು. ಕಟ್ಟು ಬಿಚ್ಚಿ ವಾರವಾಗಿತ್ತೋ ಇಲ್ಲವೋ, ಬಚ್ಚಲ ಬಾಗಿಲಲ್ಲಿ ಮತ್ತೆ ಬಿದ್ದರು. ಆಗಲೂ ನಾನು ಅಡಿಗೆಮನೆಯಿಂದ ಏನೋ ಕೇಳಿದ್ದೆ. ಎರಡನೆಯ ಸಲ ಮೂಳೆ ಉಳಿಯಿತು, ಧೈರ್ಯ ಹೋಯಿತು. ಗೋಡೆ ಹಿಡಿದು ನಡೆಯತೊಡಗಿದರು. ಸಾರಿಗೆ ಎರಡು ಸಲ ಉಪ್ಪು ಹಾಕುವುದು, ಹಾಡು ಹೇಳುತ್ತ ನಡುವೆ ಸಾಲು ಮರೆಯುವುದು ಶುರುವಾಯಿತು. ಭಜನೆ ಮನೆಗೆ ಯಾಕೆ ಹೋಗಲಿಲ್ಲ ಎಂದರೆ ಗಂಟಲು ಸರಿಯಿಲ್ಲ ಎನ್ನುತ್ತಿದ್ದರು. ಗಂಟಲು ಚೆನ್ನಾಗಿಯೇ ಇತ್ತು, ನನ್ನನ್ನು ಬೈಯುವಾಗ ಕೇಳಿಸುತ್ತಿತ್ತಲ್ಲ.

ನನ್ನ ಗಂಡ ರಮಣ ಹೆದರಿಹೋದರು. ಅಮ್ಮನ ಕೈ ಮುರಿದಾಗ ಕೋಲಾರದ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತವರು ಅವರು. ಅವರದು ಕೆಟ್ಟ ಮನಸ್ಸಲ್ಲ, ಪ್ರೀತಿಯೇ. ಆದರೆ ಆ ಪ್ರೀತಿ ಒಂದು ಪ್ಲಾಸ್ಟಿಕ್ ಕುರ್ಚಿಯ ರೂಪದಲ್ಲಿ ನಮ್ಮ ಜಗಲಿಗೆ ಬಂತು. ಅಮ್ಮ ಇನ್ನು ಮೇಲೆ ಅದರಲ್ಲಿ ಕೂತಿರಬೇಕು, ಹೊಸ್ತಿಲು ದಾಟಬೇಕಾದರೆ ಯಾರಾದರೂ ಕೈ ಹಿಡಿದಿರಬೇಕು, ತೋಟದ ಕಡೆ ಹೋಗುವ ಮಾತೇ ಬೇಡ ಎಂದು ಅಪ್ಪಣೆಯಾಯಿತು. ಆ ತೋಟದ ಮರಗಳನ್ನು ಸಸಿಯಿಂದ ನೀರು ಹೊತ್ತು ಬೆಳೆಸಿದವರು ನಮ್ಮತ್ತೆ. ಅವರು ಎದುರು ಮಾತಾಡದೆ ಹೋಗಿ ಕುರ್ಚಿಯಲ್ಲಿ ಕೂತರು. ನಾರೆಮ್ಮ ಎದುರು ಮಾತಾಡದಿದ್ದ ದಿನವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಸಂಕ್ರಾಂತಿ ಮುಗಿದು ಮಾವು ಹೂ ಬಿಡುವ ಹೊತ್ತಿಗೆ, ಕೈ ಪೂರ್ತಿ ಮಡಚಲು ಬರುತ್ತಿಲ್ಲ ಎಂಬ ನೆಪ ಮಾಡಿ ಅವರನ್ನು ಮುಳಬಾಗಿಲಿನ ಒಬ್ಬ ಫಿಸಿಯೋಥೆರಪಿ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ನನ್ನ ಹಳೇ ವಿದ್ಯಾರ್ಥಿಗಳ ವಯಸ್ಸಿನ ಹುಡುಗಿ. ಕೈ ನೋಡಿದಳು. ಆಮೇಲೆ ಅತ್ತೆಯನ್ನು ಕುರ್ಚಿಯಿಂದ ಎಬ್ಬಿಸಿ, ಗೋಡೆಯವರೆಗೆ ಹೋಗಿ ತಿರುಗಿ ಬರಲು ಹೇಳಿದಳು. ಅತ್ತೆ ನಿಧಾನವಾಗಿ, ಸರಿಯಾಗಿಯೇ ಹೋಗಿ ಬಂದರು. ಇನ್ನೊಂದು ಸಲ ಹೋಗಿ ಬನ್ನಿ, ನಡೆಯುತ್ತಲೇ ನಿಮ್ಮ ತೋಟದಲ್ಲಿ ಏನೇನು ಬೆಳೆಯುತ್ತೀರಿ ಹೇಳಿ ಎಂದಳು. ಅತ್ತೆ ನಾಲ್ಕು ಹೆಜ್ಜೆ ಇಟ್ಟು, ನಿಂತು, ಅವಳ ಕಡೆ ತಿರುಗಿ, ಮಾವಿನಲ್ಲಿ ಬಾದಾಮಿ, ಬೆನಿಷಾ, ತೋತಾಪುರಿ, ಬದುವಿನಲ್ಲಿ ಅವರೆ, ಕೆಳಗಡೆ ಟೊಮೆಟೊ ಎಂದು ವಿವರವಾಗಿ ಹೇಳಿ ಮತ್ತೆ ಹೊರಟರು. ಅವಳು ಇನ್ನೇನೋ ಕೇಳಿದಳು. ಮತ್ತೆ ನಿಂತರು.

“ಅಜ್ಜಿ, ಮಾತಾಡಿಸಿದ್ರೆ ನಿಂತ್ಬಿಡ್ತೀರಲ್ಲ,” ಎಂದಳು ಅವಳು.

“ಮಾತಾಡಿಸಿದ್ಮೇಲೆ ನಿಂತ್ಕಂಡು ಉತ್ರ ಕೊಡೋದು ಮರ್ಯಾದೆ ಕಣಮ್ಮ. ನಡ್ಕಂಡು ಹೋಗ್ತಾ ಉತ್ರ ಕೊಟ್ರೆ ಏನಂದ್ಕಂತಾರೆ?”

ನಾನೂ ಹಾಗೆಯೇ ಅಂದುಕೊಂಡಿದ್ದೆ. ಇಡೀ ಊರೇ ಹಾಗೆ ಅಂದುಕೊಂಡಿತ್ತು. ಈಚೆಗೆ ನಾರೆಮ್ಮಕ್ಕ ತುಂಬ ಸಾಧುವಾಗಿದ್ದಾರೆ, ಏನೇ ಕೇಳಿದರೂ ನಿಂತು ಹೇಳಿಯೇ ಹೋಗುತ್ತಾರೆ ಎಂದು ಬೀದಿಯ ಹೆಂಗಸರು ಹೊಗಳುತ್ತಿದ್ದರು. ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ವಿಷಯ ಬಿಡಿಸಿ ಹೇಳಿದಳು. ಹರೆಯದಲ್ಲಿ ಕಾಲು ತನ್ನ ಪಾಡಿಗೆ ತಾನು ನಡೆಯುತ್ತದೆ. ವಯಸ್ಸಾದ ಮೇಲೆ ಎಷ್ಟೋ ಜನರಿಗೆ ತಲೆ ಕಾಲನ್ನು ಕಾಯುತ್ತಿರಬೇಕಾಗುತ್ತದೆ. ಆಗ ಯಾರಾದರೂ ಮಾತಾಡಿಸಿದರೆ ತಲೆ ಮಾತಿನ ಕಡೆ ಹೋಗುತ್ತದೆ, ಕಾಲು ನಿಲ್ಲುತ್ತದೆ, ಇಲ್ಲವೇ ಎಡವುತ್ತದೆ. ಕೂರಿಸಿದರೆ ಎರಡೂ ಇನ್ನಷ್ಟು ಸೋಲುತ್ತವೆ. ಕಾಲಿಗೆ ಬಲ ಬರಿಸಿ, ನಡಿಗೆಯನ್ನೂ ಯೋಚನೆಯನ್ನೂ ಒಟ್ಟಿಗೆ ಅಭ್ಯಾಸ ಮಾಡಿಸಿದರೆ ಸುಧಾರಿಸಬಹುದು, ಹದಿನೆಂಟರ ಹುಡುಗಿ ಆಗುತ್ತಾರೆ ಎಂದು ಮಾತ್ರ ಹೇಳಲಾರೆ ಎಂದು ನಕ್ಕಳು. ಮಾಡಿಸಬೇಕಾದ ವ್ಯಾಯಾಮಗಳನ್ನು ಒಂದೊಂದಾಗಿ ತೋರಿಸಿಕೊಟ್ಟಳು, ಪಕ್ಕದಲ್ಲಿ ಯಾವಾಗಲೂ ಒಬ್ಬರು ಇರಲೇಬೇಕು ಎಂದಳು. ನನಗೆ ಆ ಎರಡು ಬೀಳುವಿಕೆಗಳು ಕಣ್ಣ ಮುಂದೆ ಬಂದವು. ಊಟ ಆಯ್ತಾ ಎಂದವರ ದನಿ, ಅಡಿಗೆಮನೆಯಿಂದ ಕೂಗಿದ ನನ್ನ ದನಿ. ಎರಡು ಸಲವೂ ಮಾತಿನ ಬೆನ್ನಿಗೇ ಬಿದ್ದಿದ್ದರು.

ವ್ಯಾಯಾಮ ಎಂದ ಮೇಲೆ ನನ್ನನ್ನು ಹಿಡಿಯುವವರು ಯಾರು? ಮಾರನೆಯ ಬೆಳಿಗ್ಗೆಯೇ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದೆ. ರಮಣ ತಂದ ಕುರ್ಚಿಯನ್ನೇ ಗೋಡೆಗೆ ಒತ್ತಿಟ್ಟು, ಕೈ ಊರದೆ ಎದ್ದು ಕೂರುವುದನ್ನು ಶುರು ಮಾಡಿಸಿದೆ. ಕಂಬ ಹಿಡಿದು ಹಿಮ್ಮಡಿ ಎತ್ತುವುದು, ಗೋಡೆಯುದ್ದಕ್ಕೂ ಅಡ್ಡ ಹೆಜ್ಜೆ, ಗೆರೆಯ ಮೇಲೆ ಒಂದು ಕಾಲಿನ ಮುಂದೆ ಇನ್ನೊಂದು ಕಾಲು. ಸೊಂಟಕ್ಕೆ ಸೆರಗು ಸಿಕ್ಕಿಸಿ ಕುತ್ತಿಗೆಗೆ ವಿಸಿಲ್ ಹಾಕಿಕೊಂಡಿದ್ದೆ. ಮೊದಲ ವಿಸಿಲಿಗೆ ಹಿತ್ತಲಿನ ಕೋಳಿಗಳೆಲ್ಲ ಚೆದುರಿದವು. ಎರಡನೆಯದಕ್ಕೆ ಅತ್ತೆ ಕೈ ಚಾಚಿ ವಿಸಿಲ್ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅದು ನನಗೆ ವಾಪಸ್ ಸಿಕ್ಕಿದ್ದು ಯುಗಾದಿಯ ದಿನ.

ಕಾಲಿನ ಕೆಲಸ ಹೇಗೋ ಸಾಗಿತು, ತಲೆಯ ಕೆಲಸದ್ದೇ ಫಜೀತಿ. ನಡೆಯುತ್ತ ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದೆ. ಹಿಂದಕ್ಕೆ ಎಣಿಸಿ ಯಾವ ಕಾರ್ಯ ಆಗಬೇಕು ಎಂದು ಕೇಳಿದರು. ಬಲವಂತ ಮಾಡಿದ್ದಕ್ಕೆ ತೆಲುಗಿನಲ್ಲಿ ಎಣಿಸತೊಡಗಿದರು. ಮಾಸ್ತಿ ಕಡೆಯಿಂದ ಬಂದ ಸೊಸೆಗೆ ತೆಲುಗು ಲೆಕ್ಕ ತಡವಾಗಿ ತಲೆಗೆ ಹತ್ತುತ್ತದೆ ಎಂದು ಅವರಿಗೆ ಗೊತ್ತಿತ್ತು. ಬಾಯಿಗೆ ಬಂದಂತೆ ಹೇಳಿ, ಮುಗೀತು ಎಂದು ಕೂತುಬಿಡುತ್ತಿದ್ದರು. ಹೂವಿನ ಹೆಸರು, ಹಣ್ಣಿನ ಹೆಸರು ಎಂದರೆ ನಾನೇನು ಬಾಲವಾಡಿ ಮಗುವಾ ಎನ್ನುತ್ತಿದ್ದರು. ಕೊನೆಗೆ ಒಂದು ದಿನ ಸಾಕಾಗಿ, ಹೋಗಲಿ, ನಮ್ಮೂರಿನ ಯಾವ ಮನೆಯ ಸೊಸೆ ಯಾವ ಊರಿನ ಹೆಣ್ಣು ಎಂದಾದರೂ ಹೇಳಿಕೊಂಡು ನಡೆಯಿರಿ ಎಂದೆ.

ಅವರ ಮುಖ ಬೆಳಗಿದ್ದನ್ನು ನೀವು ನೋಡಬೇಕಿತ್ತು. ಮೂಲೆಮನೆಯಿಂದ ಹಿಡಿದು ಬೀದಿಯ ಕೊನೆಯವರೆಗೆ ಹೊರಟರು. ಇವಳು ಸುಗಟೂರಿನವಳು, ತವರಲ್ಲಿ ರೇಷ್ಮೆ ಹುಳು ಸಾಕ್ತಾರೆ, ಇವಳ ಅಕ್ಕನನ್ನೇ ಮೊದಲು ನೋಡಿದ್ದು, ಜಾತಕ ಕೂಡಲಿಲ್ಲ. ಆ ಮನೆಯ ದೊಡ್ಡ ಸೊಸೆ ಶ್ರೀನಿವಾಸಪುರದ ಕಡೆಯವಳು, ಚಿಕ್ಕವಳು ಗಡಿಯಾಚೆಯವಳು, ಅದಕ್ಕೇ ಇಬ್ಬರಿಗೂ ಸಾರಿನ ಖಾರದಲ್ಲಿ ಜಗಳ. ಮೊದಮೊದಲು ಒಂದೊಂದು ಮನೆಗೂ ನಿಲ್ಲುತ್ತಿದ್ದರು. ನಿಂತರೆ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಕೇಳುವವರಿಲ್ಲದೆ ಹೇಳುವುದು ಅವರಿಗೆ ಆಗದು, ಆದ್ದರಿಂದ ಹೆಜ್ಜೆ ಇಡುತ್ತಿದ್ದರು. ಹೆಜ್ಜೆ ಇಟ್ಟರೆ ಕಿವಿ ತೆರೆಯುತ್ತಿದ್ದೆ. ನಾನು ಕಂಡುಹಿಡಿದ ವ್ಯಾಯಾಮ ಇದು, ಹೆಮ್ಮೆಯಿಂದಲೇ ಹೇಳುತ್ತೇನೆ.

ಪಕ್ಕದ ಮನೆಯ ಗೌರಮ್ಮ ಒಂದು ಬೆಳಿಗ್ಗೆ ಬೇಲಿಯಾಚೆ ನಿಂತು ಕೇಳಿಸಿಕೊಂಡರು. ಅವರಿಗೆ ಅತ್ತೆಗಿಂತ ಐದಾರು ವರ್ಷ ಕಮ್ಮಿ, ಮಂಡಿನೋವು ಮಾತ್ರ ಅತ್ತೆಗಿಂತ ಜಾಸ್ತಿ. ತಮ್ಮ ಮನೆಯ ಸಂಗತಿ ಬಂದಾಗ ತಡೆಯಲಾರದೆ ಒಳಗೆ ಬಂದು, ಅದು ಹಾಗಲ್ಲ ಹೀಗೆ ಎಂದು ತಿದ್ದಿದರು. ತಿದ್ದುವುದಾದರೆ ಗೆರೆಯ ಮೇಲೆ ನಡೆಯುತ್ತ ತಿದ್ದಿ ಎಂದೆ. ವಾರದೊಳಗೆ ಬೀದಿಯ ಹಿರಿಯ ಹೆಂಗಸರಲ್ಲಿ ಆರು ಜನ ನಮ್ಮ ಅಂಗಳದಲ್ಲಿದ್ದರು. ಆರೋಗ್ಯಕ್ಕಾಗಿ ಬಂದವರು ಯಾರೂ ಇರಲಿಲ್ಲ, ತಾವಿಲ್ಲದಾಗ ನಾರೆಮ್ಮ ತಮ್ಮ ಬಗ್ಗೆ ಏನು ಹೇಳಿಬಿಡುತ್ತಾರೋ ಎಂಬ ಭಯಕ್ಕೆ ಬಂದವರೇ ಎಲ್ಲ. ಬಂದ ಮೇಲೆ ಎದ್ದು ಕೂತು, ನೆಲದಲ್ಲಿಟ್ಟ ಮೊರ ದಾಟಿ, ತುಂಬಿದ ಲೋಟ ಹಿಡಿದು ತುಳುಕಿಸದೆ ಹೋಗಿ, ಬೆವರು ಒರೆಸಿಕೊಂಡು ಕಾಫಿ ಕುಡಿದು ಹೋಗುತ್ತಿದ್ದರು. ಹೂವುದುರಿ ಮರದಲ್ಲಿ ಪಿಂದೆ, ಎಂದರೆ ಹೀಚುಕಾಯಿ, ಕಚ್ಚುವ ಹೊತ್ತಿಗೆ ನಮ್ಮತ್ತೆ ಗೋಡೆ ಹಿಡಿಯುವುದನ್ನು ಬಿಟ್ಟಿದ್ದರು. ಸಾರಿನ ಉಪ್ಪು ಒಂದೇ ಸಲ ಬೀಳುತ್ತಿತ್ತು. ಬೈಗುಳವೂ ವಾಪಸ್ ಬಂದಿತ್ತು.

ಆಗ ಒಂದು ದಿನ ತಿರುಗುವಾಗ ಅವರ ಕಾಲು ಮೊರದ ಅಂಚಿಗೆ ಸಿಕ್ಕಿಕೊಂಡಿತು. ನಾನು ಹಿಂದೆಯೇ ಇದ್ದೆ, ತೋಳು ಹಿಡಿದೆ, ಏನೂ ಆಗಲಿಲ್ಲ. ಆದರೆ ಹಾಲು ಹಾಕಿ ಡೈರಿಯಿಂದ ಬರುತ್ತಿದ್ದ ರಮಣ ಅದನ್ನೇ ನೋಡಿದರು. ಕ್ಯಾನು ನೆಲಕ್ಕೆ ಕುಕ್ಕಿ, ಸುಣ್ಣದ ಗೆರೆಯನ್ನು ಚಪ್ಪಲಿಯಲ್ಲಿ ಉಜ್ಜಿ ಅಳಿಸಿದರು. ನಿನ್ನ ಶಾಲೆ ಆಟವನ್ನು ಶಾಲೆಯಲ್ಲಿ ಆಡು, ನಮ್ಮಮ್ಮನ ಮೇಲೆ ಆಡಬೇಡ ಎಂದರು. ನಾನೂ ಸುಮ್ಮನಿರಲಿಲ್ಲ. ನೀವು ಕೂರಿಸಿ ಕೂರಿಸಿಯೇ ಅವರನ್ನು ಕಳೆದುಕೊಳ್ಳುತ್ತೀರಿ ಎಂದುಬಿಟ್ಟೆ. ಹೆಂಗಸರು ಒಬ್ಬೊಬ್ಬರಾಗಿ ಜಾರಿಕೊಂಡರು. ಎರಡು ದಿನ ಅಂಗಳಕ್ಕೆ ಯಾರೂ ಬರಲಿಲ್ಲ. ಅತ್ತೆ ಮತ್ತೆ ಕುರ್ಚಿಯಲ್ಲಿ.

ಮೂರನೆಯ ದಿನ ಬೆಳಿಗ್ಗೆ ಹಸುವಿನ ಕೊಟ್ಟಿಗೆಯಿಂದ ಅವರ ದನಿ ಕೇಳಿಸಿತು. ಹೋಗಿ ನೋಡಿದರೆ ಗೋಡೆ ಬದಿಗೆ ಒಬ್ಬರೇ ಹೋಗಿ ಬರುತ್ತ ಸೊಸೆಯಂದಿರ ಊರು ಹೇಳಿಕೊಳ್ಳುತ್ತಿದ್ದರು. ಬಾಗಿಲಲ್ಲಿ ರಮಣ ನಿಂತಿದ್ದರು, ಕೈಯಲ್ಲಿ ಹುಲ್ಲಿನ ಕಂತೆ. ಅತ್ತೆ ಮಗನನ್ನು ನೋಡಿದರೂ ನಿಲ್ಲಿಸಲಿಲ್ಲ. ಆ ಕೊನೆ ಮುಟ್ಟಿ, ತಿರುಗಿ, ಮಗನ ಮುಂದೆ ಬಂದರು.

“ಒರೇಯ್ ರಮಣ, ಇನ್ನು ಸ್ವಲ್ಪ ದಿನಕ್ಕೆ ನವಮಿ. ನಾನು ಜಡೆ ಹಿಡೀತೀನಿ. ಹೆಣೆದು, ಪೂರ್ತಿ ಬಿಚ್ಚಿದ್ರೆ ನನ್ ಪಾಡಿಗೆ ನನ್ ಬಿಟ್ಬಿಡು. ಆಗ್ದೇ ಹೋದ್ರೆ ನೀ ಕೂರ್ಸಿದ್ ಕಡೆ ಕೂತ್ಕಂತೀನಿ, ಆಮೇಲೆ ಒಂದ್ ಮಾತೂ ಆಡಲ್ಲ.”

ರಮಣ ಹುಲ್ಲಿನ ಕಂತೆಯನ್ನು ಹಸುವಿನ ಮುಂದೆ ಹಾಕಿದರು. ಆಮೇಲೆ ಆಯ್ತು ಎಂದರು. ಅಂದು ಶಾಲೆಯಿಂದ ಬಂದಾಗ ಅಂಗಳದಲ್ಲಿ ಹೊಸ ಸುಣ್ಣದ ಗೆರೆ ಇತ್ತು. ನಾನು ಎಳೆದದ್ದಲ್ಲ, ಅತ್ತೆಗೆ ಬಗ್ಗಲಾಗದು. ಸೊಟ್ಟಗಿತ್ತು, ಆದರೂ ನಾನು ತಿದ್ದಲಿಲ್ಲ.

ಆಮೇಲಿನ ದಿನಗಳಲ್ಲಿ ನಮ್ಮ ಬೇವಿನ ಮರದ ಕೊಂಬೆಗೆ ಹಳೆಯ ಸೀರೆಯ ಅಂಚುಗಳನ್ನು ಹರಿದು ಕಟ್ಟಿದೆವು. ಅಲ್ಲಿಗೆ ನಾನು ವಿದ್ಯಾರ್ಥಿ, ಅವರು ಮೇಡಮ್ಮ. ಒಬ್ಬರು ಕಮ್ಮಿ ಇದ್ದಿದ್ದರಿಂದ ನನ್ನ ಕೈಗೂ ಒಂದು ಹಗ್ಗ ಬಂತು. ಅವರ ಹಿಂದೆ ನಿಲ್ಲುತ್ತೇನೆ, ಆಯ ತಪ್ಪಿದರೆ ಹಿಡಿಯಬಹುದು ಎಂದೆ. ಹಿಂದೆ ಬೇಡ, ಎದುರಿಗೆ ಬಾ ಎಂದರು. ಮೊದಲ ವಾರ ಮೂರು ದಾಟು ದಾಟುವಷ್ಟರಲ್ಲಿ ಅವರ ಹಾಡು ನಿಲ್ಲುತ್ತಿತ್ತು, ಹಾಡು ಬಂದರೆ ಕಾಲು ನಿಲ್ಲುತ್ತಿತ್ತು. ಆಗ ಅವರ ಮುಖ ನೋಡಲು ಆಗುತ್ತಿರಲಿಲ್ಲ. ಗೌರಮ್ಮ ಹಾಡನ್ನು ತಾವು ಎತ್ತಿಕೊಂಡು, ಅತ್ತೆ ಬರೀ ಒಳಗೆ ಹೊರಗೆ ಹೇಳಲಿ ಎಂದರು. ಅದು ಕೂಡಿಬಂದ ಮೇಲೆ ಹಾಡಿನ ಪಲ್ಲವಿ ಸೇರಿತು. ಆಮೇಲೆ ಚರಣ. ಯುಗಾದಿಗೆ ಹೋಳಿಗೆ ತಿಂದು ಭಾರವಾದ ಹೊಟ್ಟೆಯಲ್ಲೂ ಪೂರ್ತಿ ಜಡೆ ಹೆಣೆದು ಬಿಚ್ಚಿದರು. ಸೊಂಟದಿಂದ ವಿಸಿಲ್ ತೆಗೆದು ನನ್ನ ಕೈಗಿಟ್ಟರು. ಡಾಕ್ಟರಮ್ಮನಿಗೆ ಫೋನಿನಲ್ಲಿ ವೀಡಿಯೊ ಕಳಿಸಿದೆ. ಇದನ್ನು ನನ್ನ ಬೇರೆ ಅಜ್ಜಿಯರಿಗೂ ತೋರಿಸಲೇ ಎಂದು ಕೇಳಿದಳು. ಅತ್ತೆ ಸೀರೆ ಬದಲಾಯಿಸಿ ಇನ್ನೊಂದು ವೀಡಿಯೊ ತೆಗೆಸಿದರು.

ನವಮಿಯ ಸಂಜೆ ಭಜನೆ ಮನೆಯ ಮುಂದೆ ನೀರು ಚಿಮುಕಿಸಿ ನೆಲ ಗುಡಿಸಿದ್ದರು. ಪಾನಕದ ಬೆಲ್ಲ ಏಲಕ್ಕಿಯ ವಾಸನೆ. ಊರಿಗೆ ಊರೇ ನೆರೆದಿತ್ತು. ನಾರೆಮ್ಮ ಜಡೆ ಹಿಡೀತಾರಂತೆ ಎಂಬ ಸುದ್ದಿ ಎರಡು ಹಳ್ಳಿ ದಾಟಿ ಹೋಗಿತ್ತು. ರಮಣ ಚಪ್ಪರದ ಕಂಬದ ಪಕ್ಕದಲ್ಲಿ, ಹೆಂಗಸರ ಸುತ್ತಿಗೆ ತೀರ ಹತ್ತಿರದಲ್ಲಿ ನಿಂತಿದ್ದರು. ಒಂದು ಕೈ ಮುಂದಕ್ಕೆ ಚಾಚಿಯೇ ಇತ್ತು. ಅದು ಹಾಗೆ ಚಾಚಿದೆ ಎಂದು ಅವರಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ತಾಳ ಬಿತ್ತು. ಅತ್ತೆ ಹಾಡೆತ್ತಿದರು. ದನಿ ಮೊದಲ ಸಾಲಲ್ಲಿ ಸ್ವಲ್ಪ ನಡುಗಿತು, ಎರಡನೆಯದರಲ್ಲಿ ಹದಕ್ಕೆ ಬಂತು. ಒಳಗೆ, ಹೊರಗೆ, ಕೋಲಿಗೆ ಕೋಲು. ಪ್ರತಿ ಸುತ್ತಿನಲ್ಲೂ ನನಗೆ ಅವರು ಎದುರಾಗುತ್ತಿದ್ದರು. ಹಣೆಯ ಮೇಲೆ ಬೆವರು, ಕಣ್ಣು ಹಗ್ಗದ ಮೇಲಲ್ಲ, ಬರುವವರ ಮುಖದ ಮೇಲೆ. ಮೇಲೆ ಜಡೆ ಒಂದು ಮೊಳದಷ್ಟು ಇಳಿದಿತ್ತು. ಆಗ ಅತ್ತೆಯ ಸೀರೆಯ ನೆರಿಗೆ ಸಡಿಲವಾಗಿ ಕಾಲ ಹತ್ತಿರ ಬಂದಿದ್ದನ್ನು ರಮಣ ಕಂಡರು.

“ಅಮ್ಮಾ, ನೆರಿಗೆ ಕಾಲಿಗೆ ಬರ್ತೈತೆ, ನೋಡ್ಕೊ.”

ಮಾತಾಡಿಸಿಬಿಟ್ಟರಲ್ಲ. ಎರಡು ಸಲ ಬಿದ್ದದ್ದೂ ಹೀಗೆಯೇ. ಆದರೆ ಅತ್ತೆ ನಿಲ್ಲಲಿಲ್ಲ. ಕೋಲು ಹಿಡಿದ ಕೈಯಲ್ಲೇ ನೆರಿಗೆ ಎತ್ತಿ, “ನೋಡ್ದೆ, ಬಿಡು,” ಎನ್ನುತ್ತ ಗೌರಮ್ಮನನ್ನು ದಾಟಿ, ಮುಂದಿನವರ ಕೋಲಿಗೆ ಕೋಲು ತಾಗಿಸಿ ಹಾಡಿಗೆ ಸೇರಿಕೊಂಡರು. ನಾನು ಅಲ್ಲಿಯೇ ಗೆದ್ದೆವು ಅಂದುಕೊಂಡೆ.

ಇನ್ನೊಂದು ಸುತ್ತು ಹೋಗಿರಬೇಕು. ಜಡೆಯ ಒಂದು ಮಗ್ಗುಲು ಉಬ್ಬಿ, ಹಗ್ಗದ ನಡುವೆ ಸಂದು ಕಾಣಿಸಿತು. ಹಾಡು ತಗ್ಗಿತು, ಎಲ್ಲರೂ ನಿಂತರು. ಗಂಟು ಬಿತ್ತು ಎಂದು ಗುಂಪಿನಲ್ಲಿ ಯಾರೋ ಹೇಳಿದರು. ಪೂಜಾರಪ್ಪನವರು ಪರವಾಗಿಲ್ಲ, ವಯಸ್ಸಾದವರು ಇಷ್ಟು ಮಾಡಿದ್ದೇ ಹೆಚ್ಚು, ಏಣಿ ತಂದು ಮೇಲಿನಿಂದ ಬಿಚ್ಚೋಣ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ನನಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ಅತ್ತೆಯೇ ನಡೆದು ಬಿಚ್ಚಿದರೆ ತಾನೆ ಮಗನಿಗೆ ಕೊಟ್ಟ ಮಾತು ಉಳಿಯುವುದು? ರಮಣ ಅಮ್ಮನ ಕೈ ಹಿಡಿಯಲು ಮುಂದೆ ಬಂದರು. ಅವರ ಮುಖದಲ್ಲಿ ಗೆದ್ದವರ ಕಳೆಯೇನೂ ಇರಲಿಲ್ಲ, ಪಾಪ.

ಅತ್ತೆ ಕೋಲನ್ನು ಅಡ್ಡ ಹಿಡಿದು ಮಗನನ್ನು ತಡೆದರು.

“ಏಣಿ ಬೇಡ ಸ್ವಾಮಿ. ತಪ್ಪು ನಂದೇ. ಗೌರಮ್ಮನ ಒಳಗಿಂದ ಹೋಗ್ಬೇಕಾಗಿತ್ತು, ಹೊರಗಿಂದ ಹೋದೆ. ನಮ್ಮ ರಮಣ ನೆರಿಗೆ ನೋಡ್ಕೊ ಅಂದ್ನಲ್ಲ, ಆಗ. ತಿರುಕ್ಕಳ್ರಮ್ಮ ಎಲ್ರೂ.”

ಜಡೆ ತಪ್ಪಿದರೆ ಅದನ್ನು ಎಳೆದು ಬಿಡಿಸುವಂತಿಲ್ಲ. ನಡೆದುಕೊಂಡೇ ಹಿಂದಕ್ಕೆ ಹೋಗಬೇಕು. ತಪ್ಪಿದ ಜಾಗ ಬಂದಾಗ ಅಲ್ಲಿ ಸರಿಯಾಗಿ ದಾಟಿದರೆ ಗಂಟು ಇನ್ನೂ ಬಿಗಿಯುತ್ತದೆ, ಮೊದಲು ತಪ್ಪಿದ ಹಾಗೆಯೇ ತಪ್ಪಾಗಿ ಹಿಂದೆ ಹೋಗಬೇಕು. ಅದಕ್ಕೆ ಆ ಜಾಗ ಯಾವುದೆಂದು ಒಬ್ಬರಿಗಾದರೂ ನೆನಪಿರಬೇಕು. ನನಗೆ ಇರಲಿಲ್ಲ. ಗೌರಮ್ಮನಿಗೂ ಇರಲಿಲ್ಲ, ಅವರು ಕಣ್ಣು ಕಣ್ಣು ಬಿಡುತ್ತಿದ್ದರು.

ಎಂಟು ಜನರೂ ಹಿಂದುಮುಂದಾಗಿ ತಿರುಗಿದೆವು. ಹಾಡಿರಲಿಲ್ಲ, ಅತ್ತೆಯ ದನಿಯೊಂದೇ. ಮೇಡಮ್ಮ ಹೊರಗೆ, ಗೌರಮ್ಮ ಒಳಗೆ, ನೀನು ಹೊರಗೆ ಎಂದು ಒಬ್ಬೊಬ್ಬರನ್ನೂ ಕರೆದು ದಾಟಿಸುತ್ತ, ತಾವೂ ದಾಟುತ್ತ, ಒಂದು ಹೆಜ್ಜೆಯೂ ನಿಲ್ಲದೆ ಮಾತಾಡುತ್ತ ನಡೆದರು. ನನ್ನ ಕಣ್ಣು ಮಂಜಾಗಿತ್ತು, ಅವರು ಹೇಳಿದ ಕಡೆ ಹೋದೆ, ಅಷ್ಟೇ. ಒಂದು ಕಡೆ ಬಂದಾಗ ಅವರ ದನಿ ಗಟ್ಟಿಯಾಯಿತು.

“ಇದೇ ಜಾಗ. ಗೌರಮ್ಮ, ಈಗ ತಪ್ಪಾಗೇ ಹೋಗ್ಬೇಕು. ಬಾ.”

ಇಬ್ಬರೂ ತಪ್ಪಾಗಿಯೇ ದಾಟಿದರು. ಮೇಲೆ ಉಬ್ಬಿದ್ದ ಹಗ್ಗ ಸರಕ್ಕನೆ ಜಾರಿ ಬಿಡಿಸಿಕೊಂಡಿತು. ನೆರೆದವರು ಚಪ್ಪಾಳೆ ಹೊಡೆದರು. ಅತ್ತೆ ಚಪ್ಪಾಳೆಗೆ ಕಾಯದೆ ಎಲ್ಲರನ್ನೂ ಮತ್ತೆ ಮುಂದಕ್ಕೆ ತಿರುಗಿಸಿ, ಗೌರಮ್ಮನ ಒಳಗಿನಿಂದ ಸರಿಯಾಗಿ ದಾಟಿ ಹಾಡೆತ್ತಿದರು. ಜಡೆ ನಮ್ಮ ತಲೆಯ ಎತ್ತರಕ್ಕೆ ಇಳಿಯುವವರೆಗೆ ಹೆಣೆದೆವು. ಆಮೇಲೆ ಅಷ್ಟನ್ನೂ ಬಿಚ್ಚಿದೆವು. ಕೊನೆಯ ಹಗ್ಗ ಬಿಡಿಯಾಗಿ ಎಂಟೂ ಬೇರೆ ಬೇರೆ ತೂಗಾಡಿದಾಗ ರಮಣನ ಕಡೆ ನೋಡಿದೆ. ಚಾಚಿದ್ದ ಕೈ ಕೆಳಗಿಳಿದಿತ್ತು. ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಶಾಲೆಯ ಮಕ್ಕಳು ಜಿಲ್ಲಾ ಮಟ್ಟದಲ್ಲಿ ಗೆದ್ದಾಗಲೂ ನನ್ನ ಎದೆ ಅಷ್ಟು ಉಬ್ಬಿರಲಿಲ್ಲ. ಆಕೆ ನನ್ನ ಅತ್ತೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿದ್ದರೂ ಒಬ್ಬೊಬ್ಬರಿಗೂ ಮತ್ತೆ ಹೇಳಬೇಕು ಅನ್ನಿಸುತ್ತಿತ್ತು.

ಪಾನಕ ಕೋಸಂಬರಿ ಮುಗಿಸಿ, ಬೆಳಕು ಇನ್ನೂ ಇರುವಾಗಲೇ ಮೂವರೂ ಮನೆ ಕಡೆ ಹೊರಟೆವು. ಅತ್ತೆ ನಡುವೆ. ಯಾರೂ ಅವರ ಕೈ ಹಿಡಿದಿರಲಿಲ್ಲ. ಬೇಲಿಯ ತಿರುವಿನ ಹತ್ತಿರ ರಮಣ, “ಅಮ್ಮ, ಉಪ್ಪಿನಕಾಯಿಗೆ ಯಾವ ಮರದ್ ಕಾಯಿ ಕೀಳಿಸ್ಲಿ?” ಎಂದರು.

ಅಷ್ಟು ತಿಂಗಳಿನ ಅಭ್ಯಾಸ. ಕೇಳಿದ ಕೂಡಲೇ ಅಮ್ಮ ನಿಂತು ಉತ್ತರ ಕೊಡಲಿ ಎಂದು ತಾವೂ ನಿಂತರು. ಅವರು ನಿಂತಿದ್ದಕ್ಕೆ ನಾನೂ ನಿಂತೆ. ಉತ್ತರ ಮುಂದಿನಿಂದ ಬಂತು.

“ಬಾವಿ ಪಕ್ಕದ್ದು ಬೇಡ, ಹುಳಿ ಸಾಲಲ್ಲ. ಬದುವಿನ ಆಚೆ ನಾಟಿ ಮರ ಐತಲ್ಲ, ಅದೂ ಬಿಸಿಲು ಮಗ್ಗುಲಿಂದು. ನಿಂಗೆ ಗೊತ್ತಾಗಲ್ಲ. ಬೆಳಿಗ್ಗೆ ನಾನೇ ತೋಟಕ್ಕೋಗಿ ತೋರುಸ್ತೀನಿ.”

ರಮಣ ನನ್ನ ಮುಖ ನೋಡಿದರು. ಬೇಡ ಎನ್ನಲಿಲ್ಲ, ಹುಷಾರು ಎನ್ನಲಿಲ್ಲ. ಅತ್ತೆ ಆಗಲೇ ತಿರುವು ದಾಟಿ, ಆ ಮರ ಯಾವ ವರ್ಷ ನೆಟ್ಟಿದ್ದು, ಅದಕ್ಕೆ ಯಾರು ಯಾರು ನೀರು ಹೊತ್ತರು ಎಂದು ಹೇಳಿಕೊಂಡು ಹೋಗುತ್ತಿದ್ದರು. ಕೇಳಿಸಿಕೊಳ್ಳಬೇಕಾದರೆ ನಾವೇ ಬೇಗ ಬೇಗ ನಡೆಯಬೇಕಿತ್ತು.